ಕೆಲಸದ ಕಟ್ಟೆಯಲ್ಲಿ ಕನ್ನಡಕ್ಕೆ ಜಾಗ ಎಲ್ಲಿ?



ನಮ್ಮದು ಅಚ್ಚಿನ ಮನೆ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಸಂಘದ ವಾರ್ಷಿಕ ವರದಿ, ತಾಳಮದ್ದಳೆಯ ಕರಪತ್ರ, ಕೊನೆಗೆ ನಿಮ್ಮ ಕೈಯಲ್ಲಿರುವ ಇಂಥ ಹಾಳೆ. ಇವುಗಳ ನಡುವೆ ವಿಸಿಟಿಂಗ್ ಕಾರ್ಡ್ ಎಂಬುದೊಂದು ಸಣ್ಣ ಆದಾಯವಿತ್ತು. ನೂರು ಕಾರ್ಡು ಹೊಡೆದರೆ ಆ ದಿನದ ಹುಡುಗರ ಚಹಾ-ತಿಂಡಿ ಕಳೆಯುತ್ತಿತ್ತು. ಈಗ ಅದೂ ಬತ್ತಿದೆ. "ಕಾರ್ಡ್ ಯಾಕೆ ಸರ್, ಲಿಂಕ್ಡ್‌ಇನ್‌ನಲ್ಲಿ ಇದ್ದೀನಲ್ಲ" ಎನ್ನುತ್ತಾರೆ. ಹೊಟ್ಟೆಯುರಿಯಿಂದ ಬರೆಯುತ್ತಿದ್ದಾನೆ ಎಂದು ಯಾರಾದರೂ ಅಂದರೆ ನಾನು ಪೂರ್ತಿ ಅಲ್ಲಗಳೆಯುವುದಿಲ್ಲ. ಆದರೆ ಹೊಟ್ಟೆಯುರಿ ಕಳೆದ ಮೇಲೆ ಕಂಡದ್ದೇ ಬೇರೆ.

ನನ್ನೂರು ಯಲ್ಲಾಪುರ ತಾಲೂಕಿನ ಚಂದಗುಳಿ. ಹರಕೆ ಹೊತ್ತವರು ಘಂಟೆ ಕಟ್ಟಿ ಹೋಗುವ ಗಣಪತಿಯ ಊರು. ಹೋದ ವರ್ಷ ಅಡಿಕೆ ಕೊನೆ ಇಳಿಸುವ ಹೊತ್ತಿಗೆ ಬೆಂಗಳೂರಿನಿಂದ ಅಕ್ಕನ ಮಗ ಬಂದಿದ್ದ. ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗ. ಜಗಲಿಯಲ್ಲಿ ಸಿಗ್ನಲ್ ಸಿಗುವ ಒಂದೇ ಮೂಲೆಯಲ್ಲಿ ಕೂತು ತನ್ನ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲು ಎರಡು ಗಂಟೆ ತಿಣುಕಾಡಿದ. ಇದೇ ಹುಡುಗ ಊರಿನ ಆಟದ ವರದಿ ಬರೆದುಕೊಟ್ಟರೆ ನಾನು ಒಂದಕ್ಷರ ತಿದ್ದದೆ ಅಚ್ಚಿಗೆ ಹಾಕುತ್ತೇನೆ! "ಕನ್ನಡದಲ್ಲೇ ಬರಿ ತಮ್ಮಾ" ಎಂದೆ. ಅವನು ತಲೆ ಎತ್ತದೆ, "ಕನ್ನಡ್ದಲ್ಲಿ ಬರದ್ರೆ ಅಲ್ಲಿ ಯಾರು ಓದ್ತ ಮಾವಾ?" ಎಂದ.

ಉತ್ತರ ನನ್ನ ಹತ್ತಿರ ಇರಲಿಲ್ಲ. ಪಿಯುಸಿ ಓದಿದವನಿಗೆ ಈ ಉಸಾಬರಿ ಯಾಕೆ ಎಂದು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಅವನನ್ನೇ ಮೇಷ್ಟ್ರು ಮಾಡಿಕೊಂಡು ಲಿಂಕ್ಡ್‌ಇನ್, ಸ್ಲ್ಯಾಕ್, ಗೂಗಲ್ ಡಾಕ್ಸ್, ವಿಕಿಪೀಡಿಯ ಎಲ್ಲಕ್ಕೂ ಖಾತೆ ತೆರೆದೆ. ವಾಟ್ಸಾಪ್ ಮೊದಲೇ ಕೊರಳಿಗೆ ಬಿದ್ದಿತ್ತು. ದುಡಿಯುವ ಕನ್ನಡಿಗನಿಗೆ ಇವುಗಳಲ್ಲಿ ಯಾವುದು ಯಾವುದಕ್ಕೆ ಆದೀತು, ಎಲ್ಲಿ ನಮ್ಮ ಭಾಷೆಗೆ ಮಣೆ ಇದೆ, ಎಲ್ಲಿ ಹೊರಗಿನ ಜಗಲಿಯೇ ಗತಿ ಎಂಬುದನ್ನು ಈ ಸಲ ಮಾತಾಡೋಣ.

ಮೊದಲು ಲಿಂಕ್ಡ್‌ಇನ್. 2003ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಬಾಗಿಲು ತೆರೆದ ಇದನ್ನು 2016ರಲ್ಲಿ ಮೈಕ್ರೋಸಾಫ್ಟ್ 2,600 ಕೋಟಿ ಡಾಲರಿಗೂ ಹೆಚ್ಚು ಸುರಿದು ಕೊಂಡುಕೊಂಡಿತು. ಸದಸ್ಯರ ಲೆಕ್ಕದಲ್ಲಿ ಅಮೆರಿಕ ಬಿಟ್ಟರೆ ಭಾರತವೇ ದೊಡ್ಡದು, ಹತ್ತು ಕೋಟಿ ದಾಟಿ ಹೋಗಿದೆ. ಭಾರತದ ಮುಖ್ಯ ಕಚೇರಿ ಎಲ್ಲಿದೆ ಗೊತ್ತೇ? ನಮ್ಮ ಬೆಂಗಳೂರಿನಲ್ಲಿ! 2021ರ ಡಿಸೆಂಬರಿನಲ್ಲಿ ಅವರು ಮೊದಲ ಭಾರತೀಯ ಭಾಷೆಯೆಂದು ಹಿಂದಿಯನ್ನು ತಂದರು. ಆಮೇಲೆ ಬಂಗಾಳಿ, ಮರಾಠಿ, ತೆಲುಗು, ಪಂಜಾಬಿ ಬಂದವು. ನಾನಿದನ್ನು ಬರೆಯುವಾಗಲೂ ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಕನ್ನಡದ ನೆಲದಲ್ಲಿ ಕಚೇರಿ, ಕನ್ನಡದ ನೀರು, ಕನ್ನಡದ ಕರೆಂಟು. ಭಾಷೆಯ ಪಟ್ಟಿ ಬಂದಾಗ ಮಾತ್ರ ಕನ್ನಡಿಗ ಸಾಲಿನಲ್ಲೇ ಇಲ್ಲ!

ತಾಂತ್ರಿಕ ತೊಂದರೆ ಎಂದು ಯಾರಾದರೂ ಸಬೂಬು ಹೇಳಿದರೆ ಒಪ್ಪಬೇಡಿ. ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳಿಗೆ 1991ರಿಂದಲೂ ಸ್ಥಾನವಿದೆ. ಇದೇ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಎಕ್ಸ್‌ಪಿ ಜೊತೆ 'ತುಂಗಾ' ಎಂಬ ಕನ್ನಡ ಅಕ್ಷರರೂಪ ಕೊಟ್ಟಿತ್ತು. ವಿಂಡೋಸಿಗೆ ಕನ್ನಡದ ಮೆನು ಹಾಕಿಕೊಳ್ಳುವ ವ್ಯವಸ್ಥೆಯೂ ಇದೆ. ಅಪ್ಪನ ಮನೆಯಲ್ಲಿ ಇರುವ ಕನ್ನಡ ಮಗನ ಮನೆಯಲ್ಲಿ ಇಲ್ಲವೆಂದರೆ ಅದು ತಂತ್ರದ ಮಾತಲ್ಲ, ಕೇಳುವವರಿಲ್ಲ ಎಂಬ ಮಾತು.

ನಾವು ಕೇಳಿಲ್ಲವೇ? ಕೆಲಸಕ್ಕಾಗಿ ಕೇಳುತ್ತಲೇ ಬಂದಿದ್ದೇವೆ. ಸರೋಜಿನಿ ಮಹಿಷಿ ವರದಿ ಸರ್ಕಾರದ ಕೈ ಸೇರಿದ್ದು 1986ರಲ್ಲಿ. 2024ರ ಜುಲೈಯಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಕೂಗೆಬ್ಬಿಸಿದರು, ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಆ ಹೋರಾಟ ಬೇರೆ, ಅದು ನಡೆಯಬೇಕು. ಆದರೆ ಮಹಿಷಿಯವರ ಕಾಲದಲ್ಲಿ ಕೆಲಸದ ಬಾಗಿಲು ಕಾರ್ಖಾನೆಯ ಗೇಟಿನಲ್ಲಿತ್ತು. ಅಲ್ಲಿ ನಿಂತು ಧಿಕ್ಕಾರ ಕೂಗಬಹುದಿತ್ತು. ಈಗ ಬಾಗಿಲು ಫೋನಿನೊಳಗೆ ಹೋಗಿದೆ. ಅಲ್ಲಿ ಯಾವ ಭಾಷೆಯಲ್ಲಿ ತಟ್ಟಬೇಕು ಎಂಬುದನ್ನು ಇನ್ಯಾರೋ ಗೊತ್ತುಮಾಡುತ್ತಿದ್ದಾರೆ.

ಲಿಂಕ್ಡ್‌ಇನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಯಾವ ಕಂಪನಿಯಲ್ಲಿ ಯಾರಿದ್ದಾರೆ, ಎಲ್ಲಿ ಜಾಗ ಖಾಲಿ ಇದೆ ಎಂಬುದನ್ನು ಹಳ್ಳಿಯ ಹುಡುಗನಿಗೂ ತೋರಿಸುತ್ತದೆ. ಮೊದಲಾದರೆ ಇದಕ್ಕೆ ಒಬ್ಬ ಮಾವನೋ ಚಿಕ್ಕಪ್ಪನೋ ಬೆಂಗಳೂರಿನಲ್ಲಿ ಇರಬೇಕಿತ್ತು. ಅಲ್ಲಿ ಎಲ್ಲರೂ ಎಲ್ಲರನ್ನೂ ಹೊಗಳುವುದು ಮಾತ್ರ ನನಗೆ ಸ್ವಲ್ಪ ಅತಿಯೆನಿಸಿತು. ನಮ್ಮಲ್ಲಿ ಸನ್ಮಾನ ಪತ್ರ ಓದುವಾಗಲಾದರೂ ಸಭಿಕರು ಆಕಳಿಸುತ್ತಾರೆ.

ಇನ್ನು ವಾಟ್ಸಾಪ್. ಆಂಡ್ರಾಯ್ಡ್ ಫೋನಿನಲ್ಲಿ ಅದರ ಮೆನುವನ್ನೂ ಕನ್ನಡದಲ್ಲಿ ಇಟ್ಟುಕೊಳ್ಳಬಹುದು. ಓದು ಬಾರದವರು ಧ್ವನಿ ಕಳಿಸುತ್ತಾರೆ. ನಮ್ಮ ಸೀಮೆಯಲ್ಲಿ ಅಡಿಕೆ ದರ, ಕೊಳೆರೋಗಕ್ಕೆ ಮದ್ದು, ಮಂಗ ತೋಟಕ್ಕೆ ಬಂದ ಸುದ್ದಿ ಎಲ್ಲ ಅದರಲ್ಲೇ ಓಡಾಡುತ್ತವೆ. ಮಾತಿಗೆ ಅದಕ್ಕಿಂತ ಸಲೀಸಾದದ್ದಿಲ್ಲ. ಆದರೆ ಮಾತು ಬೇರೆ, ಕೆಲಸ ಬೇರೆ ಎಂಬುದನ್ನು ನಾನು ಕಲಿತದ್ದು ಕೈಸುಟ್ಟುಕೊಂಡು.

ಒಂದು ಊರಿನ ಸ್ಮರಣ ಸಂಚಿಕೆ. ಐದಾರು ಜನರ ಸಮಿತಿ. ಲೇಖನ, ತಿದ್ದುಪಡಿ, ದಾನಿಗಳ ಪಟ್ಟಿ ಎಲ್ಲ ವಾಟ್ಸಾಪಿನಲ್ಲೇ ಬಂದವು. 'ಫೈನಲ್', 'ಫೈನಲ್ ಎರಡು', 'ಇದೇ ಫೈನಲ್', 'ಕೊನೇ ಫೈನಲ್' ಹೀಗೆ ಕಡತಗಳು. ನಡುವೆ ಶುಭೋದಯದ ಹೂವು, ಯಾರದೋ ತೀರಿಕೊಂಡ ಸುದ್ದಿ, ಅದಕ್ಕೆ ನಲವತ್ತು ಕೈಮುಗಿತ. ಅವುಗಳ ಅಡಿಯಲ್ಲಿ ಒಂದು ತಿದ್ದುಪಡಿ ಹೂತುಹೋಯಿತು. ನಾನು ಹಳೆಯ ಕಡತವನ್ನೇ ಪ್ಲೇಟಿಗೆ ಹಾಕಿದೆ. ಸಾವಿರ ಪ್ರತಿ ಹೊಡೆದು, ಮಡಿಸಿ, ಪಿನ್ನು ಹೊಡೆದಾದ ಮೇಲೆ ನೋಡಿದರೆ ದಾನಿಗಳ ಪಟ್ಟಿಯಲ್ಲಿ ಏಳು ಹೆಸರು ಇಲ್ಲ! ದುಡ್ಡು ಕೊಟ್ಟವರ ಹೆಸರು ಬಿಟ್ಟರೆ ನಮ್ಮೂರಿನಲ್ಲಿ ಏನಾಗುತ್ತದೆಂದು ಹಳ್ಳಿಯಿಂದ ಬಂದ ನಿಮಗೆ ಹೇಳಬೇಕಾಗಿಲ್ಲ. ಆ ಫಾರಂ ಮತ್ತೆ ಅಚ್ಚು ಹಾಕಿದೆ. ಕಾಗದ, ಶಾಯಿ, ಎರಡು ರಾತ್ರಿಯ ನಿದ್ದೆ ಎಲ್ಲ ನನ್ನ ಲೆಕ್ಕಕ್ಕೆ. ಫೋಟೋಗಳ ಪಾಡು ಇನ್ನೂ ಕೆಟ್ಟದ್ದು. ಸುಮ್ಮನೆ ಕಳಿಸಿದರೆ ವಾಟ್ಸಾಪ್ ಚಿತ್ರವನ್ನು ಹಿಂಡಿ ಕಳಿಸುತ್ತದೆ. ಪರದೆಯ ಮೇಲೆ ಚೆಂದ, ಅಚ್ಚಿನಲ್ಲಿ ಮಸಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಚಿತ್ರ ಇದ್ದ ಹಾಗೇ ಬರುತ್ತದೆ. ಈ ಒಂದು ಮಾತು ಎಲ್ಲರಿಗೂ ತಿಳಿದಿದ್ದರೆ ನನ್ನಂಥವರ ಅರ್ಧ ಜಗಳ ತಪ್ಪುತ್ತಿತ್ತು.

ಗೂಗಲ್ ಡಾಕ್ಸಿನಲ್ಲಿ ಈ ಗೋಳಿಲ್ಲ. ಕಡತ ಒಂದೇ, ಕೈಗಳು ಹಲವು. ಯಲ್ಲಾಪುರದಲ್ಲಿ ನಾನು ಸಾಲು ತಿದ್ದುವಾಗ ಬೆಂಗಳೂರಿನವನಿಗೆ ಅದು ಕಣ್ಣೆದುರೇ ಕಾಣುತ್ತದೆ. ಯಾರು ಯಾವಾಗ ಏನು ಅಳಿಸಿದರು ಎಂಬ ಇತಿಹಾಸವೂ ಅಲ್ಲೇ ಇರುತ್ತದೆ. ಸಮಿತಿಗಳಲ್ಲಿ ಇದು ಬಹಳ ಬೇಕು! ಮೆನು ಕನ್ನಡದಲ್ಲಿ ಸಿಗುತ್ತದೆ. 2017ರಲ್ಲಿ ಗೂಗಲ್ ತನ್ನ ಧ್ವನಿ ಬರವಣಿಗೆಗೆ ಕನ್ನಡವನ್ನು ಸೇರಿಸಿತು. ನಮ್ಮ ಕಡೆಯ ಉಚ್ಚಾರಕ್ಕೆ ಕೆಲವೊಮ್ಮೆ ತಬ್ಬಿಬ್ಬಾಗುತ್ತದೆ, ಆದರೂ ಕೀಲಿಮಣೆ ಬಾರದ ಹಿರಿಯರಿಗೆ ದೊಡ್ಡ ಉಪಕಾರ.

ಸ್ಲ್ಯಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐಟಿ ಕಚೇರಿಗಳಲ್ಲಿ ಬಳಸುತ್ತಾರೆ, ವಿಷಯಕ್ಕೊಂದು ಕೋಣೆ ಮಾಡಿಕೊಂಡು ಮಾತಾಡಬಹುದು. ಕನ್ನಡದ ಮೆನು ಇಲ್ಲ. ದುಡ್ಡು ಕೊಡದಿದ್ದರೆ ತೊಂಬತ್ತು ದಿನಕ್ಕಿಂತ ಹಳೆಯ ಮಾತು ಕಾಣುವುದಿಲ್ಲ. ಸಂಘ-ಸಂಸ್ಥೆಗಳಿಗೆ ಇದು ಹೊಂದುವ ಅಂಗಿಯಲ್ಲ.

ಈಗ ನೀವು ಲೆಕ್ಕಕ್ಕೇ ಹಿಡಿಯದ ಒಂದನ್ನು ಹೇಳುತ್ತೇನೆ. ಲಿಂಕ್ಡ್‌ಇನ್ ಬಾಗಿಲು ತೆರೆದ ಮರುತಿಂಗಳೇ, 2003ರ ಜೂನಿನಲ್ಲಿ, ಕನ್ನಡ ವಿಕಿಪೀಡಿಯ ಶುರುವಾಯಿತು. ಅದಕ್ಕೆ ಡಾಲರು ಸುರಿದ ಧಣಿಯಿಲ್ಲ. ಸಂಬಳವಿಲ್ಲದ ಕನ್ನಡಿಗರು ರಾತ್ರಿ ಕೂತು ಬರೆದು ಬೆಳೆಸಿದರು. ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಪ್ರತಿ ಪುಟದ ಬೆನ್ನಿಗೆ ಒಂದು ಚರ್ಚೆಯ ಪುಟ, ಒಂದು ಇತಿಹಾಸದ ಪುಟ. ಊರಿನವರೆಲ್ಲ ಸೇರಿ ಮಾತಾಡುವ ಜಾಗಕ್ಕೆ ಅಲ್ಲಿ 'ಅರಳಿ ಕಟ್ಟೆ' ಎಂದು ಹೆಸರು! ಆ ಹೆಸರು ಓದಿದ ದಿನ ನನಗೆ ನಮ್ಮೂರಿಗೇ ಬಂದ ಹಾಗಾಯಿತು. ನೀವು ಇಂಜಿನಿಯರೋ, ನರ್ಸೋ, ಲೆಕ್ಕಪತ್ರದವರೋ ಆಗಿರಿ, ನಿಮ್ಮ ಕಸುಬಿನ ಬಗ್ಗೆ ಕನ್ನಡದಲ್ಲಿ ಹತ್ತು ಲೇಖನ ಅಲ್ಲಿ ತಿದ್ದಿದ್ದರೆ ಅದೂ ನಿಮ್ಮ ದುಡಿಮೆಯ ಗುರುತೇ. ಯಾರು ಬೇಕಾದರೂ ತೆರೆದು ನೋಡಬಹುದು.

"ನಮ್ಮದೇ ಒಂದು ಕಟ್ಟೋಣ" ಎನ್ನುವವರಿದ್ದಾರೆ. ಕಟ್ಟಿದ್ದೆವು. 2020ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ 'ಕೂ' ಮೊದಲು ಮಾತಾಡಿದ್ದೇ ಕನ್ನಡದಲ್ಲಿ. ಮಂತ್ರಿಗಳು ಬಂದರು, ನಟರು ಬಂದರು, ಹಳದಿ ಹಕ್ಕಿ ಎತ್ತರಕ್ಕೂ ಹಾರಿತು. 2024ರ ಜುಲೈಯಲ್ಲಿ ಮುಚ್ಚಿತು. ಮುಚ್ಚಿದ ಸುದ್ದಿಯನ್ನು ಅದರ ಸ್ಥಾಪಕರು ಹೇಳಿದ್ದೆಲ್ಲಿ? ಲಿಂಕ್ಡ್‌ಇನ್‌ನಲ್ಲಿ, ಇಂಗ್ಲಿಷಿನಲ್ಲಿ! ಅವರನ್ನು ಹಂಗಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ದುಡ್ಡು ಸಾಲದೆ ಸೋತರು. ಬೇರೆ ದೇಶದ ಆನೆಗಳೂ ಹೀಗೇ ಮಲಗಿವೆ, 2014ರಲ್ಲಿ ಆರ್ಕುಟ್, 2019ರಲ್ಲಿ ಗೂಗಲ್ ಪ್ಲಸ್. ಒಬ್ಬ ಧಣಿಯ ಅಂಗಳದಲ್ಲಿ ಬರೆದದ್ದು ಧಣಿ ಬಾಗಿಲು ಹಾಕಿದ ದಿನ ಹೋಗುತ್ತದೆ. ಆದ್ದರಿಂದ ಬರೆದದ್ದರ ಪ್ರತಿ ನಿಮ್ಮ ಹತ್ತಿರ ಇರಲಿ.

ಸೇರಿ ಕೆಲಸ ಮಾಡುವುದನ್ನು ನಮಗೆ ಕ್ಯಾಲಿಫೋರ್ನಿಯಾದವರು ಕಲಿಸಬೇಕಾಗಿಲ್ಲ. ಶಿರಸಿಯ ಅಡಿಕೆ ಬೆಳೆಗಾರರು 1923ರಲ್ಲೇ ಸೇರಿ ತೋಟಗಾರರ ಸೇಲ್ ಸೊಸೈಟಿ ಕಟ್ಟಿದರು. 1988ರಿಂದ ಪುತ್ತೂರಿನ 'ಅಡಿಕೆ ಪತ್ರಿಕೆ' ರೈತರ ಕೈಗೇ ಪೆನ್ನು ಕೊಟ್ಟಿತು. ಒಬ್ಬ ತೋಟದವನು ಕಂಡುಕೊಂಡದ್ದನ್ನು ಇನ್ನೊಬ್ಬ ತೋಟದವನು ಅಚ್ಚ ಕನ್ನಡದಲ್ಲಿ ಓದಿ, ಬರೆದವನಿಗೆ ಪತ್ರ ಹಾಕಿ, ಬಸ್ಸು ಹತ್ತಿ ನೋಡಿ ಬರುತ್ತಿದ್ದ. ಈಗಿನವರು 'ನೆಟ್‌ವರ್ಕಿಂಗ್' ಎನ್ನುವುದು ಇದನ್ನೇ.

ತಪ್ಪು ನಮ್ಮಲ್ಲೂ ಇದೆ, ನನ್ನ ಕಸುಬಿನಲ್ಲೇ ಇದೆ. ಎಷ್ಟೋ ಮುದ್ರಣಾಲಯಗಳು ಇವತ್ತಿಗೂ ಹಳೆಯ ಪೇಜ್‌ಮೇಕರಿಗೆ ಜೋತುಬಿದ್ದಿವೆ. ನೀವು ಫೋನಿನಲ್ಲಿ ಬರೆದು ಕಳಿಸಿದ ಯೂನಿಕೋಡ್ ಕನ್ನಡ ಅದರಲ್ಲಿ ಕಲಸುಮೇಲೋಗರ. ಅದನ್ನು ಹಳೆಯ ನುಡಿ ಅಕ್ಷರಕ್ಕೆ ತಿರುಗಿಸಬೇಕು, ತಿರುಗಿಸುವಾಗ ಒತ್ತಕ್ಷರ ಕೆಟ್ಟರೆ ಮತ್ತೆ ಕೂತು ತಿದ್ದಬೇಕು. ಹೀಗೆ ಅಚ್ಚಾದ ಸಾವಿರಾರು ಪುಟಗಳು ಇವತ್ತು ಹುಡುಕಿದರೂ ಸಿಗುವುದಿಲ್ಲ. ನಾನು ಬದಲಾಯಿಸಿಕೊಳ್ಳಲು ಎರಡು ವರ್ಷ ಮೀನಮೇಷ ಎಣಿಸಿದೆ. ಕಂಪನಿಯವರನ್ನು ಬೈಯುವ ಮೊದಲು ಇದನ್ನೂ ಒಪ್ಪಿಕೊಳ್ಳಬೇಕಲ್ಲವೇ?

ಅಕ್ಕನ ಮಗ ಕೊನೆಗೆ ಒಂದು ಉಪಾಯ ಮಾಡಿದ. ಪರಿಚಯ ಇಂಗ್ಲಿಷಿನಲ್ಲೇ ಇರಲಿ ಎಂದು ಬಿಟ್ಟ. ಆದರೆ ತಾನು ಮಾಡಿದ ಒಂದು ಸಣ್ಣ ಕೆಲಸ, ತೋಟಕ್ಕೆ ನೀರು ಬಿಡುವ ಪಂಪನ್ನು ಫೋನಿನಿಂದ ನಡೆಸುವ ಸಲಕರಣೆ, ಅದರ ಬಗ್ಗೆ ಲಿಂಕ್ಡ್‌ಇನ್‌ನಲ್ಲಿ ಕನ್ನಡದಲ್ಲೇ ಬರೆದ. ಮೆನು ಕನ್ನಡದ್ದಲ್ಲದಿದ್ದರೂ ಬರೆದ ಕನ್ನಡ ಅಲ್ಲಿ ಸರಿಯಾಗೇ ಕಾಣುತ್ತದೆ. ಮೊದಲ ದಿನ ಮೂರು ಜನ ಓದಿದರು. ವಾರದಲ್ಲಿ ಹುಬ್ಬಳ್ಳಿಯಿಂದ ಒಬ್ಬರು, ದಾವಣಗೆರೆಯಿಂದ ಒಬ್ಬರು ಕನ್ನಡದಲ್ಲೇ ಪ್ರಶ್ನೆ ಕೇಳಿದರು. ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ "ಯಾರು ಓದ್ತ" ಎಂದು ಅವನು ಮತ್ತೆ ಕೇಳಿಲ್ಲ.

ಈ ಹಾಳೆ ಕೈಗೆ ಬಂದ ದಿನ ನೀವೂ ಒಂದು ಕೆಲಸ ಮಾಡಿ. ಲಿಂಕ್ಡ್‌ಇನ್ ಇದ್ದವರು ಸೆಟ್ಟಿಂಗ್ಸಿನಲ್ಲಿ ಭಾಷೆಯ ಪಟ್ಟಿ ತೆರೆದು ಒಮ್ಮೆ ಕಣ್ಣಾರೆ ನೋಡಿ. ಆಮೇಲೆ ಅವರ ಸಹಾಯ ವಿಭಾಗಕ್ಕೆ ಕನ್ನಡ ಬೇಕೆಂದು ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಬೈಗುಳ ಬೇಡ. ನೀವು ಮಾಡುವ ಕೆಲಸ ಯಾವುದು, ಊರು ಯಾವುದು, ಕನ್ನಡ ಯಾಕೆ ಬೇಕು, ಮೂರೇ ಸಾಲು ಸಾಕು. ಬಂದ ಉತ್ತರವನ್ನು, ಉತ್ತರ ಬರದಿದ್ದರೆ ನೀವು ಕಳಿಸಿದ ಪ್ರತಿಯನ್ನು ನಮಗೆ ತಲುಪಿಸಿ. ಹೆಸರು ಬೇಡವೆಂದರೆ ಹಾಕುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಅದಕ್ಕೆಂದೇ ಖಾಲಿ ಬಿಟ್ಟಿದ್ದೇನೆ.