ಆಕಾಶವಾಣಿ ಕೇಳಿಸದ ಮನೆ

ಇಂಗ್ಲಿಷಿನ ‘ನಾವೆಲ್’ ಎಂಬ ಮಾತಿಗೆ ಹೊಸದು ಎಂದು ಅರ್ಥ. ನಾವಾದರೋ ಅದೇ ಸಾಹಿತ್ಯಪ್ರಕಾರಕ್ಕೆ ಒಬ್ಬ ಹೆಣ್ಣಿನ ಹೆಸರನ್ನಿಟ್ಟೆವು. 7ನೆಯ ಶತಮಾನದಲ್ಲಿ ಹರ್ಷಚಕ್ರವರ್ತಿಯ ಆಶ್ರಯದಲ್ಲಿದ್ದ ಬಾಣಭಟ್ಟನು ಬರೆಯತೊಡಗಿ, ಮುಗಿಯುವ ಮೊದಲೇ ತೀರಿಕೊಂಡು, ಅವನ ಮಗನು ಪೂರ್ತಿಗೊಳಿಸಿದ ಗದ್ಯಕಾವ್ಯದ ನಾಯಕಿ ಕಾದಂಬರಿ. ಆಕೆ ಗಂಧರ್ವರಾಜನ ಮಗಳು. ಕಥೆ ಹೇಳುವುದು ಒಂದು ಗಿಳಿ. ಸತ್ತ ನಲ್ಲನು ಮರಳಿ ಏಳುವನು. ಚಂದ್ರನೇ ಮನುಷ್ಯನಾಗಿ ಹುಟ್ಟಿ ಬರುವನು. ಪ್ರತಿ ವಾರ ಧಾರಾವಾಹಿಯ ಮುಂದಿನ ಕಂತಿಗಾಗಿ ಕಾದು ಕುಳಿತಿರುವ ಮನೆಯವರೆಲ್ಲರೂ ಬಾಯಲ್ಲಿ ಉಚ್ಚರಿಸುವುದು ಈ ಅದ್ಭುತಕನ್ನಿಕೆಯ ಹೆಸರನ್ನೇ ಎಂಬುದು ಎಷ್ಟು ಮಂದಿಗೆ ಹೊಳೆದಿರುವುದೋ ಕಾಣೆ.

ಹೀಗಿರುವಾಗ, ಪ್ರಣಯದೊಡನೆ ಮಾಯೆಯನ್ನು ಬೆರೆಸಿ ಬರೆಯುವುದು ಇಂದಿನ ಹುಡುಗಿಯರು ಪರದೇಶದಿಂದ ತಂದುಕೊಂಡ ಚಾಳಿ ಎನ್ನುವವರ ಮಾತು ನನಗೆ ಸೋಜಿಗವಾಗುತ್ತದೆ. 10ನೆಯ ಶತಮಾನದ ಕೊನೆಯ ವೇಳೆಗೆ ನಾಗವರ್ಮನು ಬಾಣನನ್ನು ಕನ್ನಡಕ್ಕೆ ತಂದಿದ್ದನು. 12ನೆಯ ಶತಮಾನದ ನೇಮಿಚಂದ್ರನು ತನ್ನ ‘ಲೀಲಾವತೀ ಪ್ರಬಂಧ’ದಲ್ಲಿ ಬನವಾಸಿಯ ರಾಜಕುಮಾರನನ್ನು ಕನಸಿನಲ್ಲಿ ಕಂಡ ಕನ್ನಿಕೆಗಾಗಿ ಊರುಬಿಟ್ಟು ಹೊರಡಿಸಿದನು. ಬನವಾಸಿ ನಮ್ಮ ಸಾಗರಕ್ಕೆ ಎಷ್ಟು ದೂರ! ಇನ್ನು ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನ ಚಂದ್ರಹಾಸನ ಕಥೆಯನ್ನು ಹೇಳಲೇ ಬೇಕಾಗಿಲ್ಲ. ‘ವಿಷವ’ ಎಂದಿದ್ದ ಓಲೆಯನ್ನು ‘ವಿಷಯೆ’ ಎಂದು ತಿದ್ದಿ, ಮಲಗಿದ್ದ ಚೆಲುವನ ಪ್ರಾಣವನ್ನುಳಿಸಿ, ಅವನನ್ನೇ ವರಿಸಿದ ವಿಷಯೆಗಿಂತ ಜಾಣೆಯಾದ ಲೇಖಕಿ ನಮ್ಮ ಸಾಹಿತ್ಯದಲ್ಲಿ ಇನ್ನೊಬ್ಬಳಿಲ್ಲವೆಂದು ನಾನು ತರಗತಿಯಲ್ಲಿ ಹೇಳುವುದುಂಟು.

ತೀರ್ಥಹಳ್ಳಿ, ಹೊಸನಗರ, ಸಾಗರಗಳ ಅಡಕೆ ತೋಟದ ಮನೆಗಳಲ್ಲಿ ಮಳೆಗಾಲದ ಇರುಳು ಈ ಕಥೆಗಳನ್ನು ಓದಿ ಹೇಳುತ್ತಿದ್ದ ಕಾಲವೊಂದಿತ್ತು. ಓದುತ್ತಿದ್ದವರು ಜಗಲಿಯಲ್ಲಿ, ಬಾಗಿಲ ಮರೆಯಲ್ಲಿ ಕೇಳುತ್ತಿದ್ದವರು ಹೆಂಗಸರು. ಅವರಲ್ಲಿ ಕೆಂಪು ಸೀರೆಯುಟ್ಟು ತಲೆ ಬೋಳಿಸಿಕೊಂಡ ಬಾಲವಿಧವೆಯರೂ ಇರುತ್ತಿದ್ದರು. ಬಾಣನ ಕಥೆಯಲ್ಲಿ ಮಹಾಶ್ವೇತೆಯ ನಲ್ಲನು ಸತ್ತಾಗ ಚಂದ್ರಮಂಡಲದಿಂದಿಳಿದ ದಿವ್ಯಪುರುಷನೊಬ್ಬನು, ನೀನು ಸಾಯಬೇಡ, ಇವನನ್ನು ಮತ್ತೆ ಕೂಡುವೆ ಎಂದು ಹೇಳಿ ಹೋಗುವನು. ಆ ಮಾತನ್ನು ನಂಬಿ ಆಕೆ ಅಚ್ಛೋದ ಸರೋವರದ ದಡದಲ್ಲಿ ತಪಸ್ಸು ಮಾಡುತ್ತ ಕಾಯುವಳು. ಒಂಬತ್ತು ಹತ್ತು ವರ್ಷಕ್ಕೆ ಮಾಂಗಲ್ಯವನ್ನು ಕಳೆದುಕೊಂಡು, ಎಂಬತ್ತು ವರ್ಷ ಒಂದೇ ಹೊತ್ತು ಉಂಡು ಬದುಕಿದ ಹೆಣ್ಣಿಗೆ ಆಕಾಶದಿಂದ ಯಾರೂ ಇಳಿದು ಬಂದು ಏನನ್ನೂ ಹೇಳಲಿಲ್ಲ.

ಈ ಮೌನವನ್ನು ಬರೆದವರು ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಶ್ರೀಮತಿ ಎಂ. ಕೆ. ಇಂದಿರಾ ಅವರು. ಹನ್ನೆರಡನೆಯ ವಯಸ್ಸಿಗೆ ಮದುವೆ. ಶಾಲೆಯ ಓದು ಏಳು ವರ್ಷ. ಲೇಖನಿ ಹಿಡಿದದ್ದು ನಲವತ್ತೈದರ ಸುಮಾರಿಗೆ. 1963ರಲ್ಲಿ ‘ತುಂಗಭದ್ರ’ ಪ್ರಕಟವಾಯಿತು. ಅನಂತರ 1994ರಲ್ಲಿ ಅವರು ಕಣ್ಮರೆಯಾಗುವವರೆಗೆ ಐವತ್ತರಷ್ಟು ಕಾದಂಬರಿಗಳು ಬಂದವು. ‘ಗೆಜ್ಜೆಪೂಜೆ’ಯನ್ನು ಪುಟ್ಟಣ್ಣ ಕಣಗಾಲರು ಬೆಳ್ಳಿತೆರೆಗೆ ತಂದರು. ಹೆಂಗಸರ ಬರಹವೆಂದರೆ ಅಡಿಗೆಮನೆಯ ಸಾಹಿತ್ಯ ಎಂದು ಮೂಗು ಮುರಿದ ವಿದ್ವಾಂಸರೂ ಆಗ ಇದ್ದರು. ಅಡಿಗೆಮನೆಯಲ್ಲಿ ಏನೇನು ನಡೆಯುತ್ತಿತ್ತು ಎಂಬುದು ಅವರಿಗೆ ತಿಳಿದಿದ್ದರೆ ಹಾಗೆನ್ನುತ್ತಿರಲಿಲ್ಲ.

1976ರ ‘ಫಣಿಯಮ್ಮ’ ಕಲ್ಪನೆಯ ಕೂಸಲ್ಲ. ಲೇಖಕಿ ಬಾಲ್ಯದಲ್ಲಿ ಕಣ್ಣಾರೆ ಕಂಡ ವೃದ್ಧೆಯೊಬ್ಬರು ತಮ್ಮ ಬಾಳಿನ ಕಥೆಯನ್ನು ಇಂದಿರಾ ಅವರ ತಾಯಿಗೆ ಹೇಳಿದ್ದರು. ಅದು ಮಗಳ ಕಿವಿಗೂ ಬಿತ್ತು. ಸ್ಫೂರ್ತಿಯೆಂದರೆ ಇಷ್ಟೇ: ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಹೇಳಿದ ಮಾತು, ಅದನ್ನು ಹಲವು ದಶಕ ಒಳಗಿಟ್ಟುಕೊಂಡ ಮೂರನೆಯವಳು. ಫಣಿಯಮ್ಮನಿಗೆ ಶಾಪವಿಮೋಚನೆಯಿಲ್ಲ, ಪುನರ್ಜನ್ಮದ ಸಮಾಗಮವಿಲ್ಲ. ಆದರೆ ಹೊಸ ಕಾಲದ ಎಳೆಯ ವಿಧವೆ ದಾಕ್ಷಾಯಣಿ ತಲೆ ಕೊಡಲಾರೆನೆಂದು ಹಟ ಹಿಡಿದಾಗ, ಮಡಿಯಲ್ಲೇ ಸವೆದ ಆ ಅಜ್ಜಿ ಹುಡುಗಿಯ ಪಕ್ಷ ವಹಿಸುವಳು. ಇದನ್ನು ಓದುವಾಗ ನನಗೆ ಗಂಧರ್ವಲೋಕದ ಯಾವ ಪವಾಡವೂ ಇಷ್ಟು ದೊಡ್ಡದೆನಿಸಲಿಲ್ಲ. ಪ್ರೇಮಾ ಕಾರಂತರ ಚಲನಚಿತ್ರವೂ ತೇಜಸ್ವಿನಿ ನಿರಂಜನರ ಇಂಗ್ಲಿಷ್ ಅನುವಾದವೂ ಆಕೆಯನ್ನು ಮಲೆನಾಡಿನಾಚೆಗೆ ಒಯ್ದವು.

ಹಾಗಾದರೆ ಅದ್ಭುತವನ್ನು ಬಿಟ್ಟು ಅಜ್ಜಿಯರ ನಿಜಕಥೆಯನ್ನಷ್ಟೇ ಬರೆಯಬೇಕೆ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವಳು ನಮ್ಮ ಬಿ.ಎ. ತರಗತಿಯ ಹೊಸನಗರದ ಕಡೆಯ ಒಬ್ಬ ಹುಡುಗಿ. ಆಕೆ ಗುಟ್ಟಾಗಿ ಒಂದು ಕಾದಂಬರಿ ಬರೆಯುತ್ತಿರುವಳು. ಮನೆಯಲ್ಲಿ ತಂದೆಗೆ ತಿಳಿದರೆ ಓದು ನಿಂತೀತೆಂಬ ಭಯ. ಕಥೆ ನಡೆಯುವುದು ಶರಾವತಿಯ ಹಿನ್ನೀರಿನ ಕೆಳಗೆ: ಮುಳುಗಿದ ಊರಿನಲ್ಲಿ ಇಂದಿಗೂ ದೀಪ ಹಚ್ಚುವರು, ಅಲ್ಲಿಯ ಅರಸುಮಗನಿಗೆ ಮೇಲಿನ ಲೋಕದ ಹುಡುಗಿಯಲ್ಲಿ ಅನುರಾಗ.

“ಇದು ನಿನಗೆ ಹೇಗೆ ಹೊಳೆಯಿತಮ್ಮ?” ಎಂದೆ.

“ಅಜ್ಜಿಯ ತೌರುಮನೆ ನೀರಿನಡಿಯಲ್ಲಿದೆ ಸಾರ್. ಬೇಸಗೆಯಲ್ಲಿ ನೀರಿಳಿದರೆ ಅಜ್ಜಿ ದಡಕ್ಕೆ ಹೋಗಿ ನಿಲ್ಲುತ್ತಾರೆ.”

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದವು. ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಆ ನೀರಿನಲ್ಲಿ ಮುಳುಗಿದೆ; ಬಿರುಬೇಸಗೆಯಲ್ಲಿ ಅದು ತಲೆಯೆತ್ತುವುದನ್ನು ನೋಡಲು ಜನ ಹೋಗುವರು. ಅಣೆಕಟ್ಟೊಂದು ಅಣೆಕಟ್ಟೊಂದನ್ನು ನುಂಗಿದ ಸೀಮೆಯಲ್ಲಿ ಕಲ್ಪನೆಗೆ ಕಷ್ಟವೇನು? ಸಾಗರದಲ್ಲಿ ಬಾಳಿದ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ಗಳಲ್ಲಿ ಇದೇ ದುಃಖವನ್ನು ವಾಸ್ತವದ ದಾರಿಯಲ್ಲಿ ಹೇಳಿರುವರು. ಈ ಹುಡುಗಿ ಬಾಣನ ದಾರಿ ಹಿಡಿದಿರುವಳು. ಹಿಡಿಯಲಿ ಎಂಬುದು ನನ್ನ ಮತ. ಊರು ಕಳೆದುಕೊಂಡವರಿಗೆ ಆಕಾಶದಿಂದ ಬಾರದ ಮಾತನ್ನು ನೀರಿನೊಳಗಿಂದ ತರಿಸುವ ಹಕ್ಕು ಮೊಮ್ಮಗಳಿಗೆ ಇಲ್ಲವೆ?

ಆದರೆ ನನಗಿಂತ ಕಟುವಾದ ವಿಮರ್ಶಕರು ಆಕೆಗೆ ಮನೆಯಲ್ಲೇ ಇರುವರು. ಮೊದಲ ಮೂರು ಅಧ್ಯಾಯಗಳನ್ನು ಅಜ್ಜಿಗೆ ಓದಿ ಹೇಳಿದಳಂತೆ. ಅರಸುಮಗನಿಗಾಗಲಿ, ನೀರಿನೊಳಗೆ ಉರಿಯುವ ದೀಪಗಳಿಗಾಗಲಿ ಅಜ್ಜಿಯ ಆಕ್ಷೇಪಣೆಯಿಲ್ಲ. “ಅದೆಲ್ಲ ಇದ್ದರೂ ಇರಬಹುದು ಮಾರಾಯ್ತಿ. ನಮ್ಮ ಕೊಟ್ಟಿಗೆ ಮಾತ್ರ ಮೂಡಲಿಗಿರಲಿಲ್ಲ, ಪಡುವಲಿಗಿತ್ತು” ಎಂದು ತಡೆದರಂತೆ. ಕೊಟ್ಟಿಗೆ ಪಡುವಲಿಗೆ ಹೋದರೆ ನಾಯಕನು ನಾಯಕಿಯನ್ನು ಮೊದಲು ನೋಡುವ ಬೆಳಗಿನ ಬಿಸಿಲು ಅಲ್ಲಿಗೆ ಬೀಳದು. ಆದುದರಿಂದ ಆಕೆ ಈಗ ಮೂರನೆಯ ಅಧ್ಯಾಯವನ್ನು ಮೊದಲಿನಿಂದ ಬರೆಯುತ್ತಿರುವಳು. ಅವರ ಮೊದಲ ಭೇಟಿ ಸಂಜೆಗೆ ಬಂದಿದೆ.