ಗುಜರಿಗೆ ಹಾಕುವ ಮೊದಲು ಒಂದು ಪೆನ್‌ಡ್ರೈವ್

ಮಕ್ಕಳೇ, ಇಂಜಿನ್ ಕೆಟ್ಟಿತೆಂದು ಯಾರಾದರೂ ದೋಣಿಯನ್ನೇ ಒಡೆದು ಸೌದೆ ಮಾಡುತ್ತಾರೆಯೇ? ಹಟ್ಟಿಕೇರಿಯಿಂದ ಕಾರವಾರದವರೆಗಿನ ನಮ್ಮ ಕರಾವಳಿಯಲ್ಲಿ ಹೀಗೆಂದರೆ ಎಲ್ಲರೂ ನಗುತ್ತಾರೆ. ಆದರೆ ಲ್ಯಾಪ್‌ಟಾಪ್ ವಿಷಯದಲ್ಲಿ ನಾವು ಮಾಡುತ್ತಿರುವುದು ಇದನ್ನೇ. ನಿಧಾನವಾಯಿತು, ಅರ್ಧಕ್ಕೇ ನಿಂತಿತು ಎಂದ ಕೂಡಲೇ ಅದನ್ನು ಬೀರುವಿಗೆ ತಳ್ಳುತ್ತೇವೆ ಅಥವಾ ಗುಜರಿಗೆ ಕೊಡುತ್ತೇವೆ. ಅದಕ್ಕೆ ಮೊದಲು ಒಂದು ಪೆನ್‌ಡ್ರೈವ್‌ನಿಂದ ಅದನ್ನು ಪರೀಕ್ಷಿಸಲೇಬೇಕು ಎಂಬುದು ನನ್ನ ಅಭಿಪ್ರಾಯ.

ಇದು ಹೇಗೆ ಸಾಧ್ಯ? ಲ್ಯಾಪ್‌ಟಾಪಿನ ಗುಂಡಿ ಒತ್ತಿದಾಗ ಮೊದಲು ಕೆಲಸ ಆರಂಭಿಸುವುದು ಅದರೊಳಗಿನ ಒಂದು ಚಿಪ್‌ನಲ್ಲಿರುವ ಪುಟ್ಟ ತಂತ್ರಾಂಶ. ಅದು ಕೀಲಿಮಣೆ, ಮೆಮೊರಿ ಮುಂತಾದವು ಸರಿಯಾಗಿವೆಯೇ ಎಂದು ನೋಡುತ್ತದೆ. ಅನಂತರ ಕಂಪ್ಯೂಟರನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಯನ್ನು ಹುಡುಕುತ್ತದೆ. ಸಾಮಾನ್ಯವಾಗಿ ಇದು ಹಾರ್ಡ್‌ಡಿಸ್ಕ್‌ನಲ್ಲಿರುತ್ತದೆ. ಅಲ್ಲಿ ದೋಷವಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಆದರೆ 'ಮೊದಲು ಪೆನ್‌ಡ್ರೈವ್‌ನಲ್ಲಿ ಹುಡುಕು' ಎಂದು ನಾವು ಹೇಳಬಹುದು! ಹಲವು ಲ್ಯಾಪ್‌ಟಾಪ್‌ಗಳಲ್ಲಿ ಗುಂಡಿ ಒತ್ತಿದ ತಕ್ಷಣ ಎಫ್12, ಎಫ್2 ಅಥವಾ ಎಸ್ಕೇಪ್ ಕೀಲಿ ಒತ್ತಿದರೆ ಇದಕ್ಕೆ ಅವಕಾಶ ಸಿಗುತ್ತದೆ. ಆಗ ಪೆನ್‌ಡ್ರೈವ್‌ನಲ್ಲಿರುವ ವ್ಯವಸ್ಥೆ ಮೆಮೊರಿಗೆ ಬಂದು ಕೆಲಸ ಮಾಡತೊಡಗುತ್ತದೆ. ಲ್ಯಾಪ್‌ಟಾಪ್ ಚೆನ್ನಾಗಿ ನಡೆದರೆ ತೊಂದರೆ ಇದ್ದುದು ಹಾರ್ಡ್‌ಡಿಸ್ಕ್‌ನಲ್ಲಿ ಅಥವಾ ಅದರಲ್ಲಿದ್ದ ತಂತ್ರಾಂಶದಲ್ಲಿ ಎಂದು ತಿಳಿಯಬಹುದು. ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಹಾಗೆಯೇ ಇಟ್ಟು ಕಾರಣ ಹುಡುಕುವುದು ವಿಜ್ಞಾನದ ವಿಧಾನವೇ ಅಲ್ಲವೇ?

ಇದಕ್ಕೆ ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳಬೇಕಿಲ್ಲ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅನ್ನು ಯಾರು ಬೇಕಾದರೂ ಬಳಸಬಹುದು, ಹಂಚಬಹುದು. ನಮ್ಮದೇ ಕರಾವಳಿಯಲ್ಲಿ ದಕ್ಷಿಣಕ್ಕೆ ಸಾಗಿದರೆ ಸಿಗುವ ಕಾಸರಗೋಡಿನ ಉದಾಹರಣೆ ನೋಡಿ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸ್‌ನಲ್ಲಿಯೇ. ಕೇರಳ ಸರಕಾರದ 'ಕೈಟ್' ಸಂಸ್ಥೆ ಅದನ್ನು ಶಾಲೆಗಳಿಗೆಂದೇ ಸಿದ್ಧಪಡಿಸಿ ಕೊಡುತ್ತದೆ.

ಈ ಮಾತಿಗೆ ಈಗ ಇನ್ನೂ ಹೆಚ್ಚು ಮಹತ್ವವಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿತು. ಹಳೆಯ ಅನೇಕ ಲ್ಯಾಪ್‌ಟಾಪ್‌ಗಳು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಅವೆಲ್ಲ ಕಸವಾಗಬೇಕೇ? 2022ರಲ್ಲಿ ಜಗತ್ತಿನಲ್ಲಿ ಸುಮಾರು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉಂಟಾಯಿತು. ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಸಿದ್ಧಗೊಳಿಸಿದ್ದೆಂದು ದಾಖಲಾದದ್ದು ಅದರಲ್ಲಿ ಕಾಲು ಭಾಗಕ್ಕಿಂತ ಕಡಿಮೆ. ಉಳಿದದ್ದರಲ್ಲಿರುವ ಸೀಸ, ಪಾದರಸದಂಥ ವಿಷವಸ್ತುಗಳು ಮಣ್ಣು, ನೀರು ಸೇರಬಲ್ಲವು.

ಪೆನ್‌ಡ್ರೈವ್‌ನಿಂದ ನಡೆಯುವಾಗ ವೇಗ ತುಸು ಕಡಿಮೆ, ನಿಜ. ತೀರ ಹಳೆಯ ಯಂತ್ರಗಳು ಇಂದಿನ ವ್ಯವಸ್ಥೆಗಳಿಗೆ ಒಗ್ಗದಿರಬಹುದು. ಆದರೂ ಬರೆಯಲು, ಚಿತ್ರ ಬಿಡಿಸಲು, ಗಣಿತದ ಆಟ ಆಡಲು ಹಲವು ಹಳೆಯ ಲ್ಯಾಪ್‌ಟಾಪ್‌ಗಳು ಸಾಕು. ಬೀರುವಿನಲ್ಲಿ ಧೂಳು ತಿನ್ನುವುದಕ್ಕಿಂತ ಇದು ಮೇಲಲ್ಲವೇ?

ಎರಡು ಎಚ್ಚರಿಕೆಗಳು: 8 ಜಿಬಿಯ ಒಂದು ಪೆನ್‌ಡ್ರೈವ್ ಸಾಮಾನ್ಯವಾಗಿ ಸಾಕು, ಆದರೆ ಲಿನಕ್ಸ್ ತುಂಬುವಾಗ ಅದರಲ್ಲಿದ್ದ ಹಳೆಯ ಕಡತಗಳು ಅಳಿಸಿಹೋಗುತ್ತವೆ. ಪರೀಕ್ಷಿಸುವಾಗ 'ಇನ್‌ಸ್ಟಾಲ್' ಎಂಬುದನ್ನು ಒತ್ತಬೇಡಿ, ಹಾರ್ಡ್‌ಡಿಸ್ಕ್‌ನಲ್ಲಿದ್ದುದೂ ಅಳಿಯಬಹುದು.

ನಿಮ್ಮ ಶಾಲೆಯ ಬೀರುವಿನಲ್ಲಿ ಇಂಥ ಲ್ಯಾಪ್‌ಟಾಪ್ ಇದೆಯೇ? ಗುರುಗಳನ್ನು ಕೇಳಿ, ಅವರ ಜೊತೆಯಲ್ಲೇ ಪರೀಕ್ಷಿಸಿ. ಅದು ಗುಜರಿಯೋ ಅಲ್ಲವೋ ಎಂಬುದನ್ನು ಪರೀಕ್ಷೆಯೇ ಹೇಳಲಿ.