ಎಮ್ಮೆಗೆ ಬರೆ ಹಾಕುವ ರಿಪೇರಿ

ಪುಣೆಯ ಕೋಥ್ರೂಡಿನಲ್ಲಿ, ಕರ್ವೆ ರಸ್ತೆಯಿಂದ ಒಳಗೆ ತಿರುಗಿದಾಗ ಸಿಗುವ ಒಂದು ರಸ್ತೆಗೆ ಜಿ.ಎ. ಕುಲಕರ್ಣಿಯವರ ಹೆಸರಿದೆ. ಧಾರವಾಡದಲ್ಲಿ ಇಂಗ್ಲಿಷ್ ಕಲಿಸುತ್ತ ದಶಕಗಟ್ಟಲೆ ಬಾಳಿದ ಮರಾಠಿ ಕಥೆಗಾರರು ಅವರು. ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇರುವುದು ಆ ರಸ್ತೆಯಲ್ಲೇ. ಭಾವೂಸಾಹೇಬ ಜೋಶಿಯವರ ಹವ್ಯಾಸವಾಗಿ ಬೆಳೆದದ್ದು 1998ರ ಏಪ್ರಿಲ್ 1ರಂದು ಜನರಿಗೆ ತೆರೆದುಕೊಂಡಿತು. ಪುಟ್ಟ ರೈಲುಗಳು ಓಡುವುದನ್ನು ನೋಡಲು ಮಕ್ಕಳು ಅಲ್ಲಿಗೆ ಬರುತ್ತಾರೆ. ಊರಿನ ತುಂಬ ಎಂಜಿನಿಯರಿಂಗ್ ಕಾಲೇಜುಗಳಿರುವ ಪುಣೆಯಲ್ಲಿ ಇಂಥ ರೈಲಿಗೆ ಇನ್ನೊಂದು ಕೆಲಸವೂ ಇದೆ: ಕೆಟ್ಟು ನಿಂತಾಗ ಅದು ಒಳ್ಳೆಯ ಮೇಷ್ಟರಾಗಬಲ್ಲದು.

ಆಟದ ಎಂಜಿನ್ನಿನ ವಿದ್ಯುತ್ ದಾರಿ ತೀರ ಸರಳ. ಸಾಮಾನ್ಯವಾಗಿ ಬಳಕೆಯಲ್ಲಿರುವ ಎಚ್‌ಓ ಅಳತೆಯಲ್ಲಿ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್, ಓಡಿಸುವ ವೋಲ್ಟೇಜು ಗರಿಷ್ಠ 12. ಕರೆಂಟು ಒಂದು ಹಳಿಯಿಂದ ಚಕ್ರಕ್ಕೆ ಏರುತ್ತದೆ. ಚಕ್ರದ ಬೆನ್ನಿಗೆ ಒರಗಿರುವ ತೆಳು ಲೋಹದ ಪಟ್ಟಿ ಅದನ್ನು ತಂತಿಗೆ ಕೊಡುತ್ತದೆ. ತಂತಿಯಿಂದ ಕಾರ್ಬನ್ ಬ್ರಷ್‌ಗೆ, ಅಲ್ಲಿಂದ ಕಮ್ಯುಟೇಟರಿಗೆ, ಮೋಟರಿನ ಸುರುಳಿಗೆ. ಮತ್ತೆ ಇನ್ನೊಂದು ಬ್ರಷ್, ಇನ್ನೊಂದು ಬದಿಯ ಚಕ್ರ, ಇನ್ನೊಂದು ಹಳಿ. ಈ ಸರಪಳಿಯಲ್ಲಿ ಒಂದು ಕೊಂಡಿ ಬಿಟ್ಟರೂ ಎಂಜಿನ್ ನಿಲ್ಲುತ್ತದೆ. ಯಾವ ಕೊಂಡಿ ಎಂದು ಹುಡುಕುವುದೇ ವಿದ್ಯೆ.

ವಿದ್ಯೆ ಬಲ್ಲವರು ಮೊದಲು ಸ್ಕ್ರೂಡ್ರೈವರ್ ಎತ್ತಿಕೊಳ್ಳುವುದಿಲ್ಲ. ಅದೇ ಹಳಿಯ ಮೇಲೆ, ಓಡುತ್ತದೆಂದು ಗೊತ್ತಿರುವ ಬೇರೆ ಎಂಜಿನ್ ಇಟ್ಟು ನೋಡುತ್ತಾರೆ. ಅದೂ ಓಡದಿದ್ದರೆ ತಪ್ಪು ಹಳಿಯದ್ದು ಅಥವಾ ಕಂಟ್ರೋಲರಿನದ್ದು. ಅದು ಓಡಿದರೆ ಹಳಿ, ಕಂಟ್ರೋಲರುಗಳನ್ನು ಬಿಟ್ಟು ಕೆಟ್ಟ ಎಂಜಿನ್ನನ್ನು ಮಗುಚಿ, ಒಂದೊಂದು ಜೋಡಿ ಚಕ್ರಕ್ಕೂ ತಂತಿ ಮುಟ್ಟಿಸುತ್ತಾರೆ. ಮುಂದೆ ಮೋಟರಿನ ಎರಡು ತುದಿಗಳಿಗೆ 9 ವೋಲ್ಟಿನ ಬ್ಯಾಟರಿ. ಮೋಟರ್ ತಿರುಗಿದರೆ ದೋಷ ಚಕ್ರಕ್ಕೂ ಮೋಟರಿಗೂ ನಡುವೆ ಎಲ್ಲೋ ಇದೆ. ತಿರುಗದಿದ್ದರೆ ಸವೆದ ಬ್ರಷ್, ಸೋತ ಸ್ಪ್ರಿಂಗ್, ಇಲ್ಲವೇ ಮಸಿ ಹಿಡಿದ ಕಮ್ಯುಟೇಟರ್ ಮೇಲೆ ಸಂಶಯ. ಗುಂಯ್ ಎಂದು ಸದ್ದು ಮಾಡಿ ಅಲುಗದಿದ್ದರೆ ತಪ್ಪು ವಿದ್ಯುತ್ತಿನದ್ದೇ ಅಲ್ಲದಿರಬಹುದು: ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಕೂತು ಗಟ್ಟಿಯಾದ ಗ್ರೀಸು ಗಿಯರನ್ನು ಹಿಡಿದಿರುತ್ತದೆ. ದೀಪ ಹತ್ತಿಯೂ ಎಂಜಿನ್ ಓಡದಿದ್ದರೆ ಆ ದೀಪವೇ ಸಾಕ್ಷಿ. ಕರೆಂಟು ಅಲ್ಲಿಯವರೆಗೆ ಬಂದಿದೆ ಎಂದಾಯಿತು.

ಹೀಗೆ ಹುಡುಕಿದಾಗ ಎಷ್ಟೋ ಸಲ ಕೊನೆಗೆ ಸಿಗುವುದು ಬರೀ ಕೊಳೆ. ಧೂಳೂ ಎಣ್ಣೆಯೂ ಬೆರೆತು ಚಕ್ರದ ಮೇಲೆ ಕೂತ ಕಪ್ಪು ಪದರ ಕರೆಂಟನ್ನು ತಡೆಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು. ಅವಸರಕ್ಕೆ ಸ್ಯಾಂಡ್‌ಪೇಪರ್ ಉಜ್ಜಿದರೆ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ಸೆಕೆಂಡ್‌ಹ್ಯಾಂಡ್ ಎಂಜಿನ್ನಿನಲ್ಲಿ ಹಿಂದಿನವರ ಕೈಚಳಕವೂ ಸೇರಿರುತ್ತದೆ. ಕೆಲವು ಮಾದರಿಗಳಲ್ಲಿ ಒಂದು ಬದಿಯ ಚಕ್ರವನ್ನು ಮಾತ್ರ ಅಚ್ಚಿನಿಂದ ಬೇರ್ಪಡಿಸಿ, ಕರೆಂಟು ದಾಟದಂತೆ ಮಾಡಿರುತ್ತಾರೆ. ಯಾರೋ ಬಿಚ್ಚಿ ಅಚ್ಚನ್ನು ತಿರುಗುಮುರುಗಾಗಿ ಕೂರಿಸಿದ್ದರೆ, ಹಳಿಗಿಟ್ಟ ಕೂಡಲೇ ಶಾರ್ಟ್ ಸರ್ಕ್ಯೂಟ್. ಇಲ್ಲಿ ಮೋಟರ್ ಬದಲಿಸಿದರೂ ಅಷ್ಟೆ, ಕಂಟ್ರೋಲರ್ ಬದಲಿಸಿದರೂ ಅಷ್ಟೆ.

ಡಿಸಿಸಿ ಎಂಬ ಡಿಜಿಟಲ್ ಪದ್ಧತಿ ಬಂದ ಮೇಲಂತೂ ಗೊತ್ತಿಲ್ಲದೆ ಬದಲಿಸುವುದು ದುಬಾರಿಯಾಗಿದೆ. ಈ ಪದ್ಧತಿಯಲ್ಲಿ ಹಳಿಯಲ್ಲಿ ಸದಾ ವಿದ್ಯುತ್ ಇರುತ್ತದೆ. ಎಂಜಿನ್ನಿನೊಳಗಿನ ಡಿಕೋಡರ್ ತನಗೆ ಬಂದ ಆಜ್ಞೆಯನ್ನಷ್ಟೇ ಆರಿಸಿಕೊಂಡು ಮೋಟರನ್ನು ಓಡಿಸುತ್ತದೆ. ಮೋಟರಿನ ಒಂದು ತುದಿ ಲೋಹದ ಚಾಸಿಗೆ ತಗುಲಿ, ಅದರ ಮೂಲಕ ಹಳಿಗೆ ಸೇರಿಕೊಂಡಿದ್ದರೆ ಡಿಕೋಡರ್ ಸುಡಬಹುದು. ಕಾರಣ ಹುಡುಕದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ. ಡಿಕೋಡರ್ ತೆಗೆದಿಟ್ಟು ಮೋಟರಿಗೂ ಚಕ್ರಕ್ಕೂ ಮಲ್ಟಿಮೀಟರ್ ಹಿಡಿದಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ಇದಕ್ಕೇ ಹೇಳಿಸಿದಂತಿದೆ.

ಇವತ್ತು ಫೋನು, ಮಿಕ್ಸಿ, ವಾಷಿಂಗ್ ಮಷೀನು ಯಾವುದೇ ಕೆಡಲಿ, ‘ಬೋರ್ಡ್ ಹೋಗಿದೆ, ಬದಲಿಸಬೇಕು’ ಎನ್ನುವುದೇ ರೂಢಿಯ ಉತ್ತರ. ಬೋರ್ಡಿನಲ್ಲಿ ಏನು ಹೋಗಿದೆ ಎಂದು ಕೇಳಿದರೆ ಎಷ್ಟೋ ಕಡೆ ಹೇಳುವವರಿಲ್ಲ. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಕೈಪಿಡಿ, ಬಿಡಿಭಾಗಗಳ ಮಾಹಿತಿ ಜನರಿಗೆ ಸಿಗಲೆಂಬುದು ಉದ್ದೇಶ. ಒಳ್ಳೆಯ ಹೆಜ್ಜೆಯೇ. ಆದರೆ ಹುಡುಕುವ ಕೈ ಇಲ್ಲದವರಿಗೆ ಕೈಪಿಡಿ ಕೊಟ್ಟು ಏನು ಪ್ರಯೋಜನ?

ದೋಷ ಹುಡುಕಲು ಎರಡು ಗಂಟೆ ಕಳೆಯುವುದಕ್ಕಿಂತ ಹೊಸ ಬೋರ್ಡ್ ಹಾಕುವುದೇ ಅಗ್ಗ ಎನ್ನುವವರಿದ್ದಾರೆ. ಅಂಗಡಿಯವರ ಲೆಕ್ಕದಲ್ಲಿ ಅದು ನಿಜ. ಕೆಲಸಗಾರನ ಹೊತ್ತಿಗೆ ಬೆಲೆ ಇದೆ. ಆ ಲೆಕ್ಕ ನಡೆಯುವುದು ಬದಲಿ ಭಾಗ ಸಿಗುವವರೆಗೆ, ಕೆಟ್ಟಿದ್ದು ನಿಜಕ್ಕೂ ಆ ಭಾಗವೇ ಆಗಿದ್ದರೆ ಮಾತ್ರ. ಮೂವತ್ತು ವರ್ಷ ಹಳೆಯ ಆಟದ ಎಂಜಿನ್ನಿಗೆ, ಹಳ್ಳಿಯ ಪಂಪ್‌ಸೆಟ್ಟಿನ ಸ್ಟಾರ್ಟರಿಗೆ, ತಾಲ್ಲೂಕು ಆಸ್ಪತ್ರೆಯ ಹಳೆಯ ಯಂತ್ರಕ್ಕೆ ಬದಲಿ ಭಾಗ ಎಲ್ಲ ಸಲವೂ ಬರುವುದಿಲ್ಲ. ಅಲ್ಲಿ ದಾರಿ ಹುಡುಕಬಲ್ಲವರೇ ಬೇಕು.

ಅಂಥವರು ತಯಾರಾಗಬೇಕಾದ ಜಾಗ ಕಾಲೇಜಿನ ಲ್ಯಾಬು. ಅಲ್ಲಿ ನಡೆಯುತ್ತಿರುವುದು ಸಾಮಾನ್ಯವಾಗಿ ತದ್ವಿರುದ್ಧ. ವಿದ್ಯಾರ್ಥಿಗೆ ಸರಿಯಿರುವ ಸರ್ಕ್ಯೂಟ್ ಕೊಟ್ಟು, ರೀಡಿಂಗ್ ಬರೆಸಿಕೊಂಡು, ಗ್ರಾಫ್ ಎಳೆಸುತ್ತಾರೆ. ಅಕಸ್ಮಾತ್ ಅದು ಕೆಲಸ ಮಾಡದಿದ್ದರೆ ಅಟೆಂಡರ್ ಬಂದು ತಂತಿ ಬದಲಿಸಿ ಹೋಗುತ್ತಾರೆ. ಕಲಿಯಲು ಸಿಕ್ಕ ನಿಜವಾದ ಅವಕಾಶ ಅಟೆಂಡರ ಪಾಲಾಗುತ್ತದೆ.

ಆದ್ದರಿಂದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯಾದರೂ ಕೆಟ್ಟ ಸರ್ಕ್ಯೂಟ್ ಆಗಿರಬೇಕು. ಅಂಕ ಕೊಡಬೇಕಾದ್ದು ಅದು ಓಡಿತೋ ಇಲ್ಲವೋ ಎಂಬುದಕ್ಕಿಂತ ಹೆಚ್ಚಾಗಿ, ವಿದ್ಯಾರ್ಥಿ ಯಾವ ಅನುಮಾನವನ್ನು ಮೊದಲು ತಳ್ಳಿಹಾಕಿದ, ಯಾಕೆ ತಳ್ಳಿಹಾಕಿದ ಎಂಬುದಕ್ಕೆ. ಇದಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ. ಅಂಗೈಯಲ್ಲಿ ಹಿಡಿಯುವ, 12 ವೋಲ್ಟ್ ಮೀರದ, ತಪ್ಪಿದರೂ ಯಾರಿಗೂ ಶಾಕ್ ಹೊಡೆಯದ ಹಳೆಯ ಎಂಜಿನ್ನು, ಒಂದು ಮಲ್ಟಿಮೀಟರು, ಒಂದಿಷ್ಟು ಹತ್ತಿ ಇದ್ದರೆ ಆಯಿತು. ಪುಣೆಯ ಒಂದು ಕಾಲೇಜು ಇದನ್ನು ಶುರುಮಾಡಿದರೆ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನ ಕಾಲೇಜುಗಳು ಅನುಸರಿಸಲು ಅಡ್ಡಿಯೇನೂ ಇಲ್ಲ.